ಹೋಪ ಅಂದ ಮೇಲೆ ಕಾಲಿಡುವುದು

ಮೀನು ಹೊತ್ತು ಮಾರುವ ಕೆಲಸದಲ್ಲಿ ಯಾವುದು ಕಷ್ಟ ಎಂದರೆ ಹೊರುವುದು ಎಂದು ಜನ ಹೇಳುತ್ತಾರೆ. ಹೊರದವರ ಮಾತು ಅದು. ಕುತ್ತಿಗೆ ಒಂದು ಮಳೆಗಾಲ ನೋಯುತ್ತದೆ, ಆಮೇಲೆ ಅದೇ ನಾಚಿಕೆಯಾಗಿ ಸುಮ್ಮನಾಗುತ್ತದೆ. ಮಾರುವುದೂ ಕಷ್ಟ ಅಲ್ಲ. ಮೀನು ಒಳ್ಳೆಯದಿದ್ದರೆ ತಾನೇ ಹೋಗುತ್ತದೆ, ಇಲ್ಲದಿದ್ದರೆ ಬಾಯಿ ಬೇಕು. ಬಾಯಿ ನಮಗೆಲ್ಲ ಇದೆ. ಕಷ್ಟ ಇರುವುದು ರಸ್ತೆ ದಾಟುವುದರಲ್ಲಿ.

ಇದನ್ನು ಬರೆಯುವುದು ಸುಮತಿಗೆ. ಸುಮತಿ ಲಚ್ಚಿಯ ಸೊಸೆ. ಲಚ್ಚಿ ನನ್ನ ಜತೆ ಮೀನು ಹೊತ್ತವಳು, ರಸ್ತೆಯಲ್ಲಿ ಸತ್ತಳು. ಈಗ ಸೊಸೆ ಅದೇ ಹೆಡಗೆ, ಅದೇ ಮೀನಿನ ಬುಟ್ಟಿ, ಹೊರಲು ಶುರು ಮಾಡಿದ್ದಾಳೆ. ಗೇರುಬೀಜದ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಕಡಿಮೆಯಾಯಿತಂತೆ. ಬೇಡ ಎನ್ನಲು ನಾನು ಯಾರು. ಆದರೆ ಆ ಮನೆಯಿಂದ ಇನ್ನೊಂದು ಹೆಣ ಆ ರಸ್ತೆಗೆ ಬೀಳಬಾರದು. ಹೇಳುವಷ್ಟು ಹೇಳುತ್ತೇನೆ. ಅವಳ ಹಾಗೆ ಹೊಸದಾಗಿ ಹೆಡಗೆ ಹಿಡಿಯುವವರು ಯಾರಾದರೂ ಓದಿದರೆ ಓದಲಿ. ನಾನು ಮೂರನೇ ಕ್ಲಾಸಿನವಳು. ಬರೆದದ್ದರಲ್ಲಿ ಕೆಟ್ಟದ್ದು ಕಂಡರೆ ಮೀನು ಹೆಕ್ಕುವ ಹಾಗೆ ಹೆಕ್ಕಿ ಬಿಸಾಡಿ.

ನಮ್ಮ ದಿನ ಹೀಗೆ. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ತೆಗೆದುಕೊಳ್ಳುವುದು, ಐಸು ಹಾಕುವುದು, ಬಸ್ಸು ಹತ್ತುವುದು, ತಲ್ಲೂರಿನಲ್ಲಿ ಇಳಿಯುವುದು. ಬಸ್ಸು ಇಳಿಸುವುದು ದೊಡ್ಡ ರಸ್ತೆಯ ಈಚೆ ಬದಿ. ನಾವು ಮೀನು ಕೊಡುವ ಮನೆಗಳೆಲ್ಲ ಆಚೆ ಬದಿ.

ಮಂಡೆಯಲ್ಲಿ ಹೆಡಗೆ ಇದ್ದವಳು ಕುತ್ತಿಗೆ ತಿರುಗಿಸುವ ಹಾಗಿಲ್ಲ. ತಿರುಗಿಸಿದರೆ ಐಸಿನ ನೀರು ಬೆನ್ನಿಗೆ, ಮೀನು ರಸ್ತೆಗೆ. ನೋಡಬೇಕಾದರೆ ಕಾಲಿನಿಂದ ಹಿಡಿದು ಇಡೀ ಮೈ ತಿರುಗಬೇಕು. ಹಾಗಾಗಿ ನಮ್ಮಲ್ಲಿ ಒಬ್ಬಳೇ ದಾಟುವ ಕ್ರಮ ಇರಲಿಲ್ಲ. ಇಬ್ಬರು ಬೇಕು. ವಾಹನ ಬರುವ ಬದಿಗೆ ನಿಂತವಳು ಮೈ ತಿರುಗಿಸಿ ನೋಡುವುದು, ಇನ್ನೊಬ್ಬಳು ನೆಟ್ಟಗೆ ಎದುರಿಗೆ ನೋಡಿ ನಿಲ್ಲುವುದು. ನೋಡಿದವಳು ‘ಹೋಪ’ ಅನ್ನಬೇಕು. ಹೋಗೋಣ ಎನ್ನುವುದಕ್ಕೆ ನಮ್ಮ ಮಾತು ಅದು. ಅವಳು ಹೋಪ ಅಂದ ಮೇಲೆ ಇಬ್ಬರೂ ಒಟ್ಟಿಗೆ ಕಾಲಿಡುವುದು. ಅನ್ನುವವರೆಗೆ ರಸ್ತೆ ಮನೆಯಂಗಳದ ಹಾಗೆ ಖಾಲಿ ಕಂಡರೂ ಇಡಬಾರದು. ಇದನ್ನು ನನಗೆ ಕಲಿಸಿದ್ದು ನನ್ನ ಅತ್ತೆ. ಅವಳಿಗೆ ಕಲಿಸಿದವರು ಯಾರೋ ಗೊತ್ತಿಲ್ಲ.

ಅತ್ತೆ ಇನ್ನೊಂದು ಕಲಿಸಿದಳು. ಗಾಡಿ ನೋಡಬೇಡ, ಗಾಡಿ ಬಿಡುವವನ ಮುಖ ನೋಡು ಎಂದಳು. ಅವನು ಲೈಟು ಮಿಂಚಿಸಿದರೆ ‘ನಾನು ನಿಲ್ಲಿಸುವುದಿಲ್ಲ’ ಎಂದು. ಗಲ್ಲ ಮೇಲೆತ್ತಿದರೆ ಹೋಗು ಎಂದು. ನಿನ್ನನ್ನು ನೋಡಿಯೂ ನೋಡದವನ ಹಾಗೆ ಮಾಡಿದರೆ ಅವನು ಸಿಟ್ಟಿನಲ್ಲಿದ್ದಾನೆ, ಹಿಂದೆ ಸರಿ ಎಂದು. ಹೊಸತರಲ್ಲಿ ನಾನು ಒಮ್ಮೆ ಒಬ್ಬ ಬಸ್ಸು ಡ್ರೈವರು ಕಿವಿ ತುರಿಸಿದ್ದನ್ನು ಹೋಗು ಅಂದದ್ದು ಎಂದು ತಿಳಿದು ಕಾಲಿಟ್ಟೆ. ಬಸ್ಸು ಕಿರುಚಿ ನಿಂತಿತು. ನನಗೆ ಏನೂ ಆಗಲಿಲ್ಲ, ಒಂದು ಹೆಡಗೆ ಶೆಟ್ಲಿ, ಅಂದರೆ ಸಿಗಡಿ, ರಸ್ತೆ ಪಾಲಾಯಿತು. ಅತ್ತೆ ಶೆಟ್ಲಿ ಹೆಕ್ಕುತ್ತಾ ಹೇಳಿದ್ದು ಇಷ್ಟೇ.

“ನಿನ್ನ ಹೆಕ್ಕುಕೆ ಬರ್ಲಿಲ್ಲ ಅಲ್ದಾ. ಬಾ, ಹೆಕ್ಕ್.”

ಆಗ ರಸ್ತೆ ಸಣ್ಣದು. ಎದುರು ಬದುರು ಎರಡು ಗಾಡಿ ಹಿಡಿಯುವಷ್ಟು. ದಿನಾ ಓಡಾಡುವ ಡ್ರೈವರುಗಳೆಲ್ಲ ಗುರುತಿನವರು. ಹಂಚಿನ ಲಾರಿಯವನೊಬ್ಬ ನಡು ರಸ್ತೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದ.

“ಹ್ವಾಯ್, ಇವತ್ತ್ ಎಂತ ಮೀನ್?”

ಲಚ್ಚಿ ಹೆಡಗೆ ಇಳಿಸದೆ ಉತ್ತರ ಕೊಡುತ್ತಿದ್ದಳು. “ನಿಮ್ಗೆ ಆಪುದ್ ಇಲ್ಲೆ. ನಿಮ್ ಹೆಂಡ್ತಿ ಮುಳ್ಳ್ ಇಪ್ಪ ಮೀನ್ ಬ್ಯಾಡ ಅಂದಿರ್ ಅಂಬ್ರಲೆ.”

ಹಿಂದೆ ಬಸ್ಸು ಹಾರನ್ ಹೊಡೆಯುತ್ತಿದ್ದರೂ ಅವನು ನಗುತ್ತಾ ಎರಡು ಬಂಗುಡೆ ಕಿಟಕಿಯಿಂದ ತೆಗೆದುಕೊಂಡೇ ಹೋಗುವುದು. ಲಚ್ಚಿ ಅಂಥವಳು. ಚುರುಕು. ಎಲ್ಲದರಲ್ಲೂ ಅವಸರ. ಬಿಸಿಲು ಏರುವ ಮೊದಲು ಮನೆ ಮನೆ ಮುಟ್ಟಬೇಕು, ಬಂಗುಡೆ ಬೆರಳಿಗೆ ಗಟ್ಟಿ ಸಿಗಬೇಕು ಎಂಬುದೇ ಅವಳ ಹಟ. ಒಂದು ದಿನವೂ ಅವಳು ಮೆತ್ತಗಾದ ಮೀನು ಮಾರಿದ್ದನ್ನು ನಾನು ನೋಡಲಿಲ್ಲ. ನಾನು ಮಾರಿದ್ದೇನೆ.

ಆಮೇಲೆ ರಸ್ತೆ ಅಗಲ ಮಾಡಿದರು. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ನಡುವೆ ಡಿವೈಡರ್. ಈಗ ದಾಟುವುದು ಎರಡು ಸಲ. ಮೊದಲಿನ ಅರ್ಧಕ್ಕೆ ಬೈಂದೂರು ಕಡೆಯಿಂದ ಗಾಡಿ ಬರುತ್ತದೆ. ಆ ಬದಿಗೆ ನಾನು ನಿಲ್ಲುತ್ತಿದ್ದೆ, ನೋಡುವುದು ನನ್ನ ಕೆಲಸ. ಡಿವೈಡರ್ ಹತ್ತಿದ ಮೇಲೆ ಕುಂದಾಪುರ ಕಡೆಯಿಂದ ಬರುತ್ತದೆ. ಆ ಬದಿಗೆ ಲಚ್ಚಿ. ಅಲ್ಲಿ ನೋಡಿ ಹೋಪ ಅನ್ನುವುದು ಅವಳು. ಮಾತಾಡಿಕೊಂಡು ಮಾಡಿದ್ದಲ್ಲ, ಹಾಗೇ ಆಯಿತು.

ರಸ್ತೆ ಅಗಲವಾದದ್ದಕ್ಕಿಂತ ಗಾಜು ಕಪ್ಪಾದದ್ದು ನಮಗೆ ಕಷ್ಟವಾಯಿತು. ಎಸಿ ಹಾಕಿಕೊಂಡು ಗಾಜು ಏರಿಸಿಕೊಂಡು ಬರುತ್ತಾರೆ. ಒಳಗೆ ಮುಖವೇ ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಅತ್ತೆ ಕಲಿಸಿದ ವಿದ್ಯೆಯಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಒಂದು ವರ್ಷ ಮಳೆ ಮುಗಿದ ಮೇಲೆ ಆ ಕಾರು ಬಂತು. ಬಿಳಿ ಬಣ್ಣ. ಮಾಡಿನ ಮೇಲೆ, ಅದರ ನೆತ್ತಿಯಲ್ಲಿ, ಕಪ್ಪು ಡಬ್ಬಿಯಂಥದ್ದು ಒಂದು. ಸ್ಟೇರಿಂಗ್ ಎದುರಿಗೆ ಮನುಷ್ಯ ಕೂತಿರುತ್ತಾನೆ, ಆದರೆ ಕೈ ತೊಡೆ ಮೇಲೆ. ಸ್ಟೇರಿಂಗ್ ತಾನೇ ತಿರುಗುತ್ತದೆ. ಮೊದಲ ದಿನ ನಾವು ಬಸ್ಸು ಇಳಿದು ನಿಂತಿದ್ದೆವು. ಅದು ದೂರದಿಂದಲೇ ನಿಧಾನವಾಗಿ, ಇನ್ನೂ ಎರಡು ಬಸ್ಸು ಹಿಡಿಯುವಷ್ಟು ಜಾಗ ಇರುವಾಗಲೇ ನಿಂತುಬಿಟ್ಟಿತು. ನಾವೂ ನಿಂತೆವು. ಅದೂ ನಿಂತಿತು.

“ಎಂತ ಆಯ್ತ್ ಅದ್ಕೆ? ಹಾಳಾಯ್ತಾ?” ಲಚ್ಚಿ ಕೇಳಿದಳು.

ಕಾರಿನಲ್ಲಿದ್ದವನು ಗಾಜು ಇಳಿಸಿ ಕೈ ಮಾಡಿದ, ಹೋಗಿ ಎಂದು. ಹೋದೆವು.

ಅವನ ಹೆಸರು ಶಿವರಾಜ. ಗದಗದ ಕಡೆಯವನು, ಮೀಸೆ ನರೆತಿತ್ತು. ಯಾವುದೋ ಕಂಪೆನಿಯ ಕೆಲಸ. ಬಸ್‌ಸ್ಟ್ಯಾಂಡಿನ ಪಕ್ಕದ ಚಾದಂಗಡಿಗೆ ಬರುತ್ತಿದ್ದ, ನಾವೂ ಅಲ್ಲೇ ಕುಡಿಯುವುದು. ಗಾಡಿ ತಾನೇ ಓಡುತ್ತದೆ, ಇಲ್ಲಿನ ರಸ್ತೆ, ಜನ, ಸೈಕಲ್ಲು ಎಲ್ಲ ಅದಕ್ಕೆ ಗುರುತಾಗಬೇಕು, ಅದಕ್ಕೆ ದಿನಾ ಓಡಿಸುತ್ತೇವೆ ಎಂದ. ಮಾಡಿನ ಮೇಲಿನ ಡಬ್ಬಿಯೇ ಅದರ ಕಣ್ಣಂತೆ.

“ಮೊದಲ ನಿಮ್ಮನ್ನ ನೋಡಿ ಅದಕ್ಕ ತಿಳೀಲಿಲ್ರೀ ಯಕ್ಕಾ. ತಲಿ ಮ್ಯಾಲೆ ಇಷ್ಟ ಅಗಲ ಬುಟ್ಟಿ. ಇದು ಮನಷ್ಯಾಳು ಅನ್ನೂದು ಗೊತ್ತಾಗಾಕ ಒಂದಿಷ್ಟ ದಿನ ಹಿಡೀತು.”

“ಅಡ್ಡಿಲ್ಲೆ,” ಎಂದಳು ಲಚ್ಚಿ. “ನಮ್ ಬಸ್ಸಿನ ಕಂಡಕ್ಟರ್‌ಗೆ ಇನ್ನೂ ಗೊತ್ತಾಯ್ಲಿಲ್ಲ.”

ಶಿವರಾಜ ಚಾ ಚೆಲ್ಲಿಕೊಂಡು ನಕ್ಕ. ಆ ಕಾರಿಗೆ ಹೆಡಗೆ ಕಾರು ಎಂದು ಹೆಸರಿಟ್ಟದ್ದೂ ಲಚ್ಚಿಯೇ. ಅದೂ ನಮ್ಮ ಹಾಗೆ ಮಂಡೆ ಮೇಲೆ ಹೊತ್ತುಕೊಂಡು ತಿರುಗುತ್ತದಲ್ಲ ಎಂದು.

ಸೈಕಲ್ಲಿನವರ ಪಾಡು ಬೇರೆ. ಅಣ್ಣಪ್ಪ ಎಂದು ಒಬ್ಬರಿದ್ದಾರೆ, ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ ಮೀನು ಮಾರುವವರು. ನಮಗಿಂತ ಮೊದಲು ಮನೆಗಳಿಗೆ ಮುಟ್ಟುತ್ತಾರೆಂದು ಲಚ್ಚಿಗೆ ಅವರ ಮೇಲೆ ಸಿಟ್ಟು. ಒಂದು ಬೆಳಿಗ್ಗೆ ಹೆಡಗೆ ಕಾರು ಅವರ ಹಿಂದೆ ಬಿತ್ತು. ಅವರ ಸೈಕಲ್ಲು ಭಾರಕ್ಕೆ ಆಚೆ ಈಚೆ ವಾಲುತ್ತದೆ, ದಾರಿಯಲ್ಲಿ ಗುರುತಿನವರು ಕಂಡರೆ ಕೈ ಎತ್ತುತ್ತಾರೆ. ಕಾರಿಗೆ ಇವರು ಎತ್ತ ತಿರುಗುತ್ತಾರೋ ತಿಳಿಯಲಿಲ್ಲ. ಮುಂದೆ ಹೋಗಲು ಧೈರ್ಯ ಇಲ್ಲ, ಬಿಡಲೂ ಮನಸ್ಸಿಲ್ಲ. ಇವರು ನಿಂತರೆ ಅದು ನಿಲ್ಲುತ್ತದೆ, ಹೊರಟರೆ ಹೊರಡುತ್ತದೆ. ಹೆಮ್ಮಾಡಿಯಿಂದ ತಲ್ಲೂರಿನವರೆಗೆ ಹೀಗೇ. ಕೊನೆಗೆ ಅಣ್ಣಪ್ಪ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಅದರ ಎದುರಿಗೆ ಹೋಗಿ ನಿಂತರು.

“ಹ್ವಾಯ್, ಮೀನ್ ಬೇಕಾ? ಬೇಕಾರೆ ಬಾಯಿ ಬಿಟ್ಟ್ ಕೇಣಿ. ಸುಮ್ನೆ ಹಿಂದೆ ಬಪ್ಪುದ್ ಎಂತಕ್ಕೆ?”

ಶಿವರಾಜ ಇಳಿದು ಕೈ ಮುಗಿದು ಒಂದಷ್ಟು ಬೈಗೆ ಮೀನು ತೆಗೆದುಕೊಂಡ. ಅವನಿಗೆ ಮೀನು ತಿಂದು ಗೊತ್ತೇ ಇಲ್ಲ. ಚಾದಂಗಡಿಯವರಿಗೆ ಕೊಟ್ಟುಬಿಟ್ಟ.

ಹೀಗೆ ನಗೆಯಲ್ಲೇ ದಿನ ಹೋಯಿತು. ಆ ಕಾರು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಾಯಿಗೂ ನಿಂತಿತು, ಕರುವಿಗೂ ನಿಂತಿತು. ನಾವು ಕಾಲಿಡುವ ಮೊದಲೇ ನಮ್ಮ ಮನಸ್ಸು ತಿಳಿದ ಹಾಗೆ ನಿಲ್ಲುತ್ತಿತ್ತು. ಇಷ್ಟು ವರ್ಷದಲ್ಲಿ ಯಾವ ಡ್ರೈವರೂ ನಮ್ಮನ್ನು ಹಾಗೆ ಕಾದಿರಲಿಲ್ಲ. ಲಚ್ಚಿಗೆ ಅದು ಹಿಡಿಸಿತು. ಮದುವೆ ಮನೆಯಲ್ಲಿ ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅನ್ನುವ ಹಾಗೆ ಮರ್ಯಾದೆ ಎಂದಳು.

ಬರುಬರುತ್ತಾ ಅವಳು ಮೈ ತಿರುಗಿಸುವುದು ಬಿಟ್ಟಳು. ಡಿವೈಡರ್ ಮೇಲೆ ನಿಂತು ಕಣ್ಣಿನ ಕೊನೆಯಲ್ಲಿ ನೋಡುವುದು. ಬಿಳಿ ಕಂಡು, ಮಾಡಿನ ಮೇಲೆ ಕಪ್ಪು ಕಂಡರೆ ಹೋಪ. ನನಗೆ ಸರಿ ಬರಲಿಲ್ಲ.

“ತಿರ್ಗಿ ಕಾಣ್ ಮಾರಾಯ್ತಿ. ಅರ್ಧ ಕಣ್ಣಂಗೆ ಎಂತ ಕಾಂಬುದ್?”

“ಅದ್ ನಿಲ್ಲತ್ತ್. ದಿನಾ ನಿಲ್ಲತ್ತ್. ನೀನ್ ಎಂತಕ್ಕೆ ಸಾಯ್ತೆ?”

“ಮುಖ ಕಾಣ್ಕ್ ಅಂದ್ ಅತ್ತೆ ಹೇಳ್ತಿದ್ದ್ರ್.”

“ಮುಖ ಎಲ್ಲಿತ್ ಅದ್ಕೆ? ಮುಖ ಇಲ್ಲ, ಸಿಟ್ಟೂ ಇಲ್ಲ. ಸುಮ್ನೆ ಬಾ, ಬಂಗ್ಡಿ ಮೆತ್ತಗ್ ಆತ್ತ್.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಲ್ಲಿಗೆ ನಾನು ಸುಮ್ಮನಾದೆ. ಹೇಳಿದ್ದನ್ನೇ ಹೇಳಿದರೆ ಅವಳು ಕೇಳುವವಳೂ ಅಲ್ಲ.

ಆ ದಿನ ಮೊದಲಿನ ಅರ್ಧ ದಾಟಿದೆವು. ನಾನು ನೋಡಿದೆ, ಹೋಪ ಅಂದೆ, ದಾಟಿದೆವು. ಡಿವೈಡರ್ ಹತ್ತಿ ನಿಂತೆವು. ನಾನು ಎದುರಿಗೆ ನೋಡುತ್ತಿದ್ದೆ, ಅದು ನನ್ನ ಕ್ರಮ. ಆಚೆ ಬದಿಯ ಅಂಗಡಿಯ ಎದುರು ಬಾಳೆಗೊನೆ ನೇತು ಹಾಕುತ್ತಿದ್ದರು. ಲಚ್ಚಿ ಹೋಪ ಅಂದಳು, ಇಳಿದಳು. ನನ್ನ ಬಲಗಾಲಿನ ಗಂಟು ಆಗಲೇ ಕೆಟ್ಟಿತ್ತು, ಡಿವೈಡರ್ ಇಳಿಯುವಾಗ ಒಂದು ಗಳಿಗೆ ತಡವಾಗುತ್ತಿತ್ತು. ಆ ತಡಕ್ಕೆ ನಾನು ಉಳಿದೆ. ಬೇರೆ ಕಾರಣ ಇಲ್ಲ. ದೇವರು ಗೀವರು ಎಂದು ಯಾರೂ ಹೇಳಬೇಡಿ.

ಅದು ಹೆಡಗೆ ಕಾರು ಅಲ್ಲ. ಬಿಳಿ ಕಾರು ಹೌದು. ಮಾಡಿನ ಮೇಲೆ ಬ್ಯಾಗುಗಳನ್ನು ಇಟ್ಟು ಕಪ್ಪು ಟಾರ್ಪಾಲು ಕಟ್ಟಿದ್ದರು. ಕೊಲ್ಲೂರಿಗೆ ಹೊರಟ ಯಾರೋ ಪರವೂರಿನವರು, ಹೆಂಡತಿ ಮಕ್ಕಳು ಒಳಗೆ. ಗಾಡಿ ಬಿಡುತ್ತಿದ್ದವನು ಬ್ರೇಕ್ ಹಾಕಿದ. ಹಾಕಲಿಲ್ಲ ಎಂದಲ್ಲ. ರಸ್ತೆಯಲ್ಲಿ ಕಪ್ಪು ಗೆರೆ ಆಮೇಲೆ ಮಳೆ ಬರುವವರೆಗೂ ಇತ್ತು.

ಬಂಗುಡೆ ರಸ್ತೆ ತುಂಬಾ ಬಿದ್ದಿತ್ತು. ಬಿಸಿಲು ಏರುತ್ತಿತ್ತು. ನಾನು ನನ್ನ ಹೆಡಗೆ ಡಿವೈಡರ್ ಮೇಲೆ ಇಳಿಸಿ ಹೋದೆ. ಲಚ್ಚಿಯ ಮಂಡೆಯ ಸಿಂಬೆ, ಅವಳ ಹಳೇ ಸೀರೆ ಸುತ್ತಿ ಮಾಡಿದ್ದು, ಮಂಡೆಯಿಂದ ಜಾರದೆ ಹಾಗೇ ಇತ್ತು. ಜನ ಸೇರಿ ಆ ಗಂಡಸಿಗೆ ಹೊಡೆಯಲು ಹೊರಟರು. ಅವನು ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ತಲೆ ಹಿಡಿದುಕೊಂಡಿದ್ದ.

“ಹೊಡೆದ್ರೆ ಇವ್ಳ್ ಏಳ್ತ್ಳಾ?” ಎಂದೆ ನಾನು. “ಗಾಡಿಗ್ ಎತ್ತಿ ಮೊದ್ಲ್.”

ಅವನ ಕಾರಿನಲ್ಲೇ ಕುಂದಾಪುರದ ಆಸ್ಪತ್ರೆಗೆ ಒಯ್ದೆವು. ಅವನ ಹೆಂಡತಿ ಮಕ್ಕಳು ರಸ್ತೆ ಬದಿಯಲ್ಲಿ ಉಳಿದರು. ದಾರಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ ಇತ್ತು. ಹೊಳೆಯ ಸೇತುವೆ ದಾಟುವಾಗ ನನಗೆ ಗೊತ್ತಾಯಿತು. ಆದರೂ ಆಸ್ಪತ್ರೆಗೆ ಹೋದೆವು. ಹೋಗದೆ ಮತ್ತೆಂತ ಮಾಡುವುದು.

ಲಚ್ಚಿಯ ಉತ್ತರಕ್ರಿಯೆಯ ದಿನ, ಬೊಜ್ಜದ ಊಟಕ್ಕೆ, ಶಿವರಾಜ ಬಂದ. ಅಂಗಳದ ಮೂಲೆಯಲ್ಲಿ ಚಪ್ಪಲಿ ಬಿಟ್ಟು ಅಲ್ಲೇ ನಿಂತಿದ್ದ. ನಾನು ಕರೆದು ಕೂರಿಸಿದೆ.

“ನಮ್ಮ ಗಾಡಿ ಅಲ್ರೀ ಯಕ್ಕಾ,” ಎಂದ.

“ಗೊತ್ತಿತ್.”

“ನಮ್ಮ ಗಾಡಿ ಆಗಿದ್ರ ನಿಂದ್ರತಿತ್ತು.”

“ಹೌದ್. ನಿಲ್ತಿತ್ತ್. ನಿಂತ್ ನಿಂತೇ ಅವ್ಳಿಗೆ ತಿರ್ಗಿ ಕಾಂಬುದ್ ಮರ್ತ್ ಹೋಯ್ತ್.”

ಬೈಯಬೇಕೆಂದು ನಾನು ಅಂದದ್ದಲ್ಲ. ಅವನಿಗೆ ಅದು ತಿಳಿಯಿತು ಎಂದು ಕಾಣುತ್ತದೆ. ಎಲೆ ಹಾಕಿದಾಗ ಊಟ ಮಾಡಿದ. ಹೋಗುವಾಗ ಸುಮತಿಗೆ ಕೈ ಮುಗಿದ. ಆಮೇಲೆ ಆ ಕೆಲಸದಲ್ಲಿ ಅವನನ್ನು ನೋಡಲಿಲ್ಲ. ಬಿಟ್ಟನೋ, ಬೇರೆ ಊರಿಗೆ ಹಾಕಿದರೋ.

ನಾನು ಒಬ್ಬಳೇ ಸ್ವಲ್ಪ ಸಮಯ ಹೊತ್ತೆ. ಡಿವೈಡರ್ ಮೇಲೆ ನಿಂತು ಎದುರಿಗೆ ನೋಡುತ್ತಾ ಇರುತ್ತಿದ್ದೆ. ಹೋಪ ಅನ್ನುವವರು ಇಲ್ಲ ಎಂದು ನೆನಪಾಗಿ ಆಮೇಲೆ ಮೈ ತಿರುಗಿಸುವುದು. ಅಷ್ಟರಲ್ಲಿ ಖಾಲಿ ಇದ್ದ ರಸ್ತೆ ತುಂಬಿರುತ್ತಿತ್ತು. ಗಂಟು ಪೂರ್ತಿ ಹೋಯಿತು, ಹೆಡಗೆ ಇಳಿಸಿದೆ. ಗಂಟಿಗಾಗಿ ಇಳಿಸಿದ್ದು ಎಂದು ಎಲ್ಲರಿಗೂ ಹೇಳಿದ್ದೇನೆ. ಹಾಗೇ ಇರಲಿ.

ಈಗ ಸುಮತಿ.

“ದೊಡ್ಡಮ್ಮ, ನಾನ್ ಹೆಡ್ಗಿ ಹೊರ್ತೆ,” ಎಂದು ಬಂದು ನಿಂತಳು.

“ಸ್ಕೂಟಿ ತಕೋ. ಹಿಂದೆ ಪೆಟ್ಗಿ ಕಟ್ಕೋ. ಎಲ್ರೂ ಹಾಂಗೇ ಮಾಡುದ್ ಈಗ.”

“ಆಯ್ಲಿ, ಕಾಂಬ. ಈಗ ಇಪ್ಪುದ್ ಅತ್ತೆ ಹೆಡ್ಗಿ ಒಂದೇ.”

“ಜತಿಗೆ ಯಾರ್ ಇದ್ರ್? ಒಬ್ಳೇ ದಾಟ್ತ್ಯಾ?”

ಹೆಡಗೆ ಹೊರುವವರು ಆ ಬಸ್ಸಿನಲ್ಲಿ ಈಗ ಅವಳೊಬ್ಬಳೇ. ಹಾಗಾಗಿ ದಿನಾ ನಾನೂ ಬಸ್ಸಿನಲ್ಲಿ ಹೋಗಿ ತಲ್ಲೂರಿನಲ್ಲಿ ಇಳಿಯತೊಡಗಿದೆ. ದಾಟಲು ನನ್ನಿಂದ ಆಗುವುದಿಲ್ಲ, ಈಚೆ ಬದಿಯ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಕೂರುವುದು. ಮನೆಯಲ್ಲಿ ಬರೀ ಸಿಂಬೆಯ ಮೇಲೆ ನೀರಿನ ಕೊಡ ಇಟ್ಟು ಅಂಗಳದಲ್ಲಿ ಅವಳನ್ನು ತಿರುಗಿಸಿದ್ದೆ. ಕುತ್ತಿಗೆ ಅಲ್ಲ, ಪಾದ ತಿರುಗಬೇಕು, ಪಾದದ ಹಿಂದೆ ಸೊಂಟ, ಸೊಂಟದ ಹಿಂದೆ ಮುಖ. ಅಕ್ಕಪಕ್ಕದವರು ನಕ್ಕರು, ಈ ವಯಸ್ಸಿನಲ್ಲಿ ಕುಣಿತ ಕಲಿಸುವುದಾ ಎಂದು. ನಗಲಿ.

ಅವಳು ಹೊರಲು ಶುರು ಮಾಡಿ ಹೆಚ್ಚು ದಿನ ಆಗಿರಲಿಲ್ಲ, ಹೆಡಗೆ ಕಾರು ಮತ್ತೆ ಬಂತು. ಮಳೆಗಾಲದಲ್ಲಿ ಕಂಡಿರಲಿಲ್ಲ, ಬರುವುದೇ ನಿಂತಿತು ಎಂದುಕೊಂಡಿದ್ದೆ. ಅದೇ ಬಿಳಿ, ಮಾಡಿನ ಮೇಲೆ ಅದೇ ಡಬ್ಬಿ. ಬೈಂದೂರು ಕಡೆಯಿಂದ ಬಂದು ಸುಮತಿಯ ಎದುರಿಗೆ, ಮೊದಲಿನ ಹಾಗೇ ಮರ್ಯಾದೆಯಿಂದ ನಿಂತಿತು.

ಸುಮತಿ ಪಾದ ತಿರುಗಿಸಿದಳು, ಮೈ ತಿರುಗಿಸಿದಳು, ನೋಡಿದಳು. ಕಾಲಿಡಲಿಲ್ಲ.

ಒಳಗಿದ್ದವನು ಶಿವರಾಜ ಅಲ್ಲ, ಬೇರೆ ಯಾರೋ. ಕೈ ಮಾಡಿದ, ಹೋಗಿ ಎಂದು. ಇವಳು ಗಲ್ಲ ಎತ್ತಿದಳು, ನೀನು ಹೋಗು ಎಂದು. ಲಾರಿಯವನಾಗಿದ್ದರೆ ಹೋಗುತ್ತಿದ್ದ. ಗಲ್ಲ ಎತ್ತಿದ್ದು ಆ ಕಾರಿಗೆ ತಿಳಿಯುವುದಿಲ್ಲ. ಅದು ಕಾದೇ ಕಾದಿತು. ಹಿಂದೆ ಟೆಂಪೊ, ಬಸ್ಸು, ಎಲ್ಲ ಹಾರನ್. ಬಸ್ಸಿನ ಕ್ಲೀನರು ಬಾಗಿಲಲ್ಲಿ ನೇತಾಡುತ್ತಾ ಕೂಗಿದ.

“ಏ ಅಕ್ಕ, ಹೋತ್ರ್ಯಾ ಇಲ್ಯಾ? ನಿಮ್ಗೇ ಅಲ್ದಾ ನಿಂತದ್ದ್?”

ಸುಮತಿ ನನ್ನ ಕಡೆ ನೋಡಿದಳು. ಹೋಗಬಹುದಿತ್ತು. ಆ ಕಾರು ನಿಂತಿದೆ ಎಂದರೆ ನಿಂತಿದೆ, ಅದು ನನಗೂ ಗೊತ್ತು. ಆದರೂ ಹೋಪ ಎನ್ನಲು ನನಗೆ ಬಾಯಿ ಬರಲಿಲ್ಲ. ಕಾಲು ಒಮ್ಮೆ ಕಲಿತದ್ದನ್ನು ಬಿಡುವುದಿಲ್ಲ. ಇವತ್ತು ಇದಕ್ಕೆ ಇಟ್ಟ ಕಾಲು ನಾಳೆ ಯಾವುದಕ್ಕೆ ಇಡುತ್ತದೋ. ಅವಳು ಹಿಂದೆ ಸರಿದು ಬಂದು ನನ್ನ ಕಟ್ಟೆಯ ಪಕ್ಕ ನಿಂತಳು. ರಸ್ತೆ ಬದಿಯಲ್ಲಿ ಯಾರೂ ಇಲ್ಲ ಎಂದು ತಿಳಿದ ಮೇಲೆ ಕಾರು ಮೆಲ್ಲ ಹೊರಟಿತು. ಟೆಂಪೊ ಹೋಯಿತು. ಬಸ್ಸು ಹೋಯಿತು, ಕ್ಲೀನರು ಏನೋ ಅಂದುಕೊಂಡು ಹೋದ. ಮತ್ತೆ ಸಾಲು ಸಾಲು ಗಾಡಿ. ಬಿಸಿಲು ಹೆಡಗೆಯ ಮೇಲೆ ಬಿತ್ತು. ಐಸಿನ ನೀರು ಅವಳ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

ಇದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಮುಂದೆ ಎಲ್ಲ ಗಾಡಿಗಳೂ ಹಾಗೇ ನಿಲ್ಲುವ ಕಾಲ ಬರುತ್ತದೆ ಎಂದು ಶಿವರಾಜ ಹೇಳಿದ್ದ. ಬಂದಾಗ ಹೆಡಗೆ ಹೊರುವವರು ಕಣ್ಣು ಮುಚ್ಚಿಕೊಂಡು ದಾಟಲಿ. ಈಗ ನಿಲ್ಲುವುದೂ ಇದೆ, ನಿಲ್ಲದ್ದೂ ಇದೆ. ಎರಡೂ ಬಿಳಿ.

ತುಂಬಾ ಹೊತ್ತಿನ ಮೇಲೆ ರಸ್ತೆ ಖಾಲಿಯಾಯಿತು. ಸುಮತಿ ತಿರುಗಿ ನೋಡಿದಳು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಬಾಯಿ ಬಿಟ್ಟೇ “ಹೋಪ” ಅಂದಳು, ಇಳಿದಳು. ಡಿವೈಡರ್ ಮೇಲೆ ಮತ್ತೆ ಪಾದ ತಿರುಗಿಸಿ, ಕುಂದಾಪುರ ಕಡೆ ನೋಡಿ, ಅಲ್ಲೂ ಅವಳ ತುಟಿ ಅಲ್ಲಾಡಿದ್ದು ನನಗೆ ಕಂಡಿತು. ಆಚೆ ಬದಿ ಮುಟ್ಟಿದಳು.

ಆ ದಿನ ಬಂಗುಡೆ ಮೆತ್ತಗಾಗಿ ಅರ್ಧ ಹೆಡಗೆ ಉಳಿಯಿತು. ಮನೆಗೆ ತಂದು ಸಾರು ಮಾಡಿ ಉಂಡೆವು. ಲಚ್ಚಿ ಇದ್ದಿದ್ದರೆ ನಮ್ಮಿಬ್ಬರಿಗೂ ಬೈಯುತ್ತಿದ್ದಳು.